ಲೇಖನಿಯ ಸಾಕ್ಷ್ಯ

ನಮ್ಮವರಿಗಾದ ಅನ್ಯಾಯವನ್ನು ದಾಖಲಿಸಲು ನಾವು ಹಿಂಜರಿಯುವುದಿಲ್ಲ. ನಮ್ಮವರಿಂದ ಇತರರಿಗಾದ ಅನ್ಯಾಯವನ್ನು ಬರೆಯುವಾಗ ನಿಮ್ಮ ಲೇಖನಿ ತಡವರಿಸುವುದಿಲ್ಲವೇ? ನ್ಯಾಯದ ಸಾಕ್ಷ್ಯ ಸ್ವತಃ ನಮಗೇ ಪ್ರತಿಕೂಲವಾದರೂ ಅದನ್ನು ಮರೆಮಾಚಬಾರದೆಂಬುದು ಪವಿತ್ರ ಕುರ್‌ಆನಿನ (4:135) ಆದೇಶ.

ಅಲ್‌ಬಿರೂನಿಯವರನ್ನು ನೋಡಿರಿ. ಸಂಸ್ಕೃತ ಕಲಿತು, ಸುಮಾರು 1030ರಲ್ಲಿ ‘ಕಿತಾಬುಲ್ ಹಿಂದ್’ ಬರೆದರು. ಇದು ಖಂಡನ ಗ್ರಂಥವಲ್ಲವೆಂದು ಮುನ್ನುಡಿಯಲ್ಲೇ ತಿಳಿಸಿ, ಹಿಂದೂಗಳ ನಂಬಿಕೆಗಳನ್ನು ಅವರದೇ ಗ್ರಂಥಗಳಿಂದ ವಿವರಿಸಿದರು. ಇಷ್ಟೇ ಆಗಿದ್ದರೆ ಪಾಂಡಿತ್ಯವೆಂದು ಸುಮ್ಮನಾಗಬಹುದಿತ್ತು. ಆದರೆ ಅವರಿದ್ದುದು ಘಜ್ನಿಯ ಸುಲ್ತಾನ ಮಹ್ಮೂದನ ಆಳ್ವಿಕೆಯಲ್ಲಿ. ಅದೇ ಮಹ್ಮೂದನ ದಾಳಿಗಳು ಆ ನಾಡಿನ ಸಮೃದ್ಧಿಯನ್ನು ಹಾಳುಗೆಡವಿದವು, ಜನರಲ್ಲಿ ಮುಸ್ಲಿಮರ ಬಗ್ಗೆ ದ್ವೇಷ ಬಿತ್ತಿದವು ಎಂದು, ಅವನಿಗೆ ಅಲ್ಲಾಹನ ಕರುಣೆ ಕೋರುತ್ತಲೇ, ಬರೆದಿಟ್ಟರು!

ವಿಶ್ವಕೋಶದಲ್ಲಿ ನಮ್ಮ ಕುರಿತು ತಪ್ಪು ಕಂಡರೆ ಖಂಡಿತ ಸಂಪಾದಕರಿಗೆ ಬರೆಯಿರಿ. ಅದೇ ಪತ್ರದಲ್ಲಿ ಇತರರ ಕುರಿತ ತಪ್ಪನ್ನೂ ತೋರಿಸಿರಿ.