ಪಂಚಾಯಿತಿ ಅಭ್ಯರ್ಥಿಯನ್ನು ಏನು ಕೇಳಬೇಕು, ಅವರಿಂದ ಏನು ಪಡೆಯಬಾರದು

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷಗಳ ಚಿಹ್ನೆಯ ಮೇಲೆ ನಡೆಯುವುದಿಲ್ಲ. ರಾಜ್ಯ ಚುನಾವಣಾ ಆಯೋಗ ಕೊಡುವ ಮುಕ್ತ ಚಿಹ್ನೆಗಳಲ್ಲಿ ಒಂದನ್ನು ಹಿಡಿದು ಅಭ್ಯರ್ಥಿ ಮನೆ ಬಾಗಿಲಿಗೆ ಬರುತ್ತಾರೆ. ಬೆನ್ನ ಹಿಂದೆ ಯಾವ ಪಕ್ಷವಿದೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ, ಆ ಮಾತು ಬೇರೆ. ಕಾನೂನಿನ ಕಣ್ಣಲ್ಲಿ ಅವರಿಗೆ ಪಕ್ಷವಿಲ್ಲ, ಹಾಗಾಗಿ ಪ್ರಣಾಳಿಕೆಯೂ ಇಲ್ಲ. ಊರಿನ ನೀರು, ಕಸ, ಕಂದಾಯ, ಗೋಮಾಳದ ವಿಷಯದಲ್ಲಿ ಅವರ ನಿಲುವೇನೆಂದು ತಿಳಿಯಬೇಕಾದರೆ ಅವರನ್ನೇ ಕೇಳಬೇಕು.

ಹಾಗೆ ಕೇಳುವುದು ಉದ್ಧಟತನವಲ್ಲ. ಅಭ್ಯರ್ಥಿಯ ಹಿನ್ನೆಲೆ ತಿಳಿಯುವುದು ಸಂವಿಧಾನದ 19(1)(ಎ) ವಿಧಿ ಕೊಟ್ಟ ವಾಕ್ ಸ್ವಾತಂತ್ರ್ಯದೊಳಗೇ ಇದೆ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು, 2003ರಲ್ಲಿ ಮತ್ತೆ ಎತ್ತಿಹಿಡಿಯಿತು. ಅವು ಶಾಸನಸಭೆ, ಸಂಸತ್ತಿನ ಚುನಾವಣೆಗೆ ಸಂಬಂಧಿಸಿದ ತೀರ್ಪುಗಳು. ಹಳ್ಳಿಯ ಮಟ್ಟಕ್ಕೆ ಅದೇ ತತ್ವ ಬಂದದ್ದು 2015ರ ಕೃಷ್ಣಮೂರ್ತಿ ವಿರುದ್ಧ ಶಿವಕುಮಾರ್ ಪ್ರಕರಣದಲ್ಲಿ. ತಮಿಳುನಾಡಿನ ತೆಕ್ಕಂಪಟ್ಟಿ ಎಂಬ ಪಂಚಾಯತ್‌ನ ಅಧ್ಯಕ್ಷ ಸ್ಥಾನಕ್ಕೆ ಗೆದ್ದವರು ತಮ್ಮ ಮೇಲಿದ್ದ ಕ್ರಿಮಿನಲ್ ಪ್ರಕರಣಗಳನ್ನು ಪೂರ್ತಿಯಾಗಿ ತಿಳಿಸಿರಲಿಲ್ಲ. ಹೀಗೆ ಮುಚ್ಚಿಡುವುದು ಮತದಾರರ ಮೇಲೆ ಅನುಚಿತ ಪ್ರಭಾವ ಬೀರಿದಂತೆ, ಅದು ಭ್ರಷ್ಟ ಚುನಾವಣಾ ಆಚರಣೆ ಎಂದು ನ್ಯಾಯಾಲಯ ತೀರ್ಮಾನಿಸಿತು. ಆಯ್ಕೆ ಅಸಿಂಧುವಾಗಿಯೇ ಉಳಿಯಿತು.

ಇನ್ನು ಕೇಳಬೇಕಾದ್ದು ಏನು? ಇಲ್ಲಿಯೇ ನಾವು ಎಡವುತ್ತೇವೆ. ರೇಷನ್ ಕಾರ್ಡ್ ಮಾಡಿಸಿಕೊಡಿ, ಪಿಂಚಣಿ ಕೊಡಿಸಿ, ಪಹಣಿ ತಿದ್ದಿಸಿ ಎನ್ನುತ್ತೇವೆ. ಅವರೂ ಆಗಲಿ ಎನ್ನುತ್ತಾರೆ. ರೇಷನ್ ಕಾರ್ಡ್ ಆಹಾರ ಇಲಾಖೆಯದು, ಪಹಣಿ, ಪಿಂಚಣಿ ಕಂದಾಯ ಇಲಾಖೆಯವು. ಪಂಚಾಯಿತಿ ಸದಸ್ಯರು ಅರ್ಜಿ ಹಿಡಿದು ಓಡಾಡಬಹುದೇ ಹೊರತು ಮಂಜೂರು ಮಾಡಲಾರರು. ಮನೆ ಹಾಕಿಸಿಕೊಡುತ್ತೇನೆ ಎನ್ನುವ ಮಾತೂ ಅಷ್ಟೇ. ವಸತಿ ಯೋಜನೆಯ ಫಲಾನುಭವಿಗಳನ್ನು ಆರಿಸಬೇಕಾದ್ದು ಗ್ರಾಮಸಭೆ, ಒಬ್ಬ ಸದಸ್ಯರಲ್ಲ.

ಪಂಚಾಯಿತಿಯ ಕೈಯಲ್ಲಿರುವುದು ಏನೆಂದು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 58ನೇ ಪ್ರಕರಣದಲ್ಲಿದೆ. ಕುಡಿಯುವ ನೀರಿನ ನಿರ್ವಹಣೆ, ಚರಂಡಿ, ಬೀದಿದೀಪ, ಊರೊಳಗಿನ ರಸ್ತೆ, ಕಸ ಹಾಕಲು ವಸತಿಯಿಂದ ದೂರದ ಜಾಗ, ಸಾರ್ವಜನಿಕ ಸ್ಥಳದ ಒತ್ತುವರಿ ತೆರವು, ತೆರಿಗೆಯ ಪರಿಷ್ಕರಣೆ ಮತ್ತು ವಸೂಲಿ, ಮಕ್ಕಳ ಶಾಲಾ ದಾಖಲಾತಿ, ಲಸಿಕೆ. ಇವು ಮಾಡಿದರೆ ಮಾಡಬಹುದಾದ ಕೆಲಸಗಳಲ್ಲ, ಮಾಡಲೇಬೇಕಾದವು.

ನೀರಿನ ವಿಷಯವನ್ನೇ ತೆಗೆದುಕೊಳ್ಳಿ. ‘ನೀರು ಕೊಡ್ತೀರಾ?’ ಎಂದು ಕೇಳಿದರೆ ಇಲ್ಲ ಎನ್ನುವ ಅಭ್ಯರ್ಥಿ ಹುಟ್ಟಿಲ್ಲ. ಹೀಗೆ ಕೇಳಿ ನೋಡಿ: ‘ಟ್ಯಾಂಕಿನ ಹತ್ತಿರದ ಮನೆಗಳಿಗೆ ದಿನಾ ನೀರು, ಮೇಲಿನ ಕೇರಿಗೆ ಮೂರು ದಿನಕ್ಕೊಮ್ಮೆ. ವಾಲ್ವ್ ತಿರುಗಿಸುವ ವೇಳಾಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಲು ನೀರುಗಂಟಿಗೆ ಹೇಳ್ತೀರಾ? ನೀರಿನ ಪೈಪಿಗೆ ನೇರವಾಗಿ ಮೋಟರ್ ಹಾಕಿ ಎಳೆಯುವವರು ನಿಮ್ಮ ಸಂಬಂಧಿಕರೇ ಆದರೂ ಸಂಪರ್ಕ ಕಡಿತಕ್ಕೆ ಕೈ ಎತ್ತುತ್ತೀರಾ? ನೀರಿನ ಕರ ಬಾಕಿ ಇಟ್ಟವರನ್ನು ಏನು ಮಾಡ್ತೀರಿ?’ ಆಗ ಅಭ್ಯರ್ಥಿ ಒಂದು ಕ್ಷಣ ತಡೆಯುತ್ತಾರೆ. ಏಕೆಂದರೆ ಈಗ ಅವರು ಯಾರನ್ನೋ ಬೇಸರಪಡಿಸುವ ಉತ್ತರ ಕೊಡಬೇಕು. ನಿಲುವು ಗೊತ್ತಾಗುವುದು ಅಲ್ಲಿ. ದುಡ್ಡಿಲ್ಲ ಎಂದು ಜಾರಿಕೊಂಡರೆ, 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು ಎಂಬುದನ್ನು ನೆನಪಿಸಿ. ನಮ್ಮ ಪಂಚಾಯಿತಿಯಲ್ಲಿ ಅದು ಎಲ್ಲಿ ಖರ್ಚಾಯಿತು ಎಂದು ಹಾಲಿ, ಮಾಜಿ ಸದಸ್ಯರನ್ನು ಕೇಳಿ.

ಕಸದ ಘಟಕ ಯಾರ ಕೇರಿಯ ಹತ್ತಿರ ಬರಬೇಕು, ಗೋಮಾಳದ ಒತ್ತುವರಿಗೆ ದೂರು ಕೊಡುತ್ತೀರೋ ಇಲ್ಲವೋ ಎಂಬವೂ ಇಂಥವೇ ಪ್ರಶ್ನೆಗಳು. ವಾರ್ಡಿನ ಎಲ್ಲ ಅಭ್ಯರ್ಥಿಗಳನ್ನೂ ಒಟ್ಟಿಗೆ ಕರೆದು ಕೇಳುವುದು ಒಳ್ಳೆಯದು. ಒಬ್ಬರನ್ನೇ ಕರೆದರೆ ಅದು ಪ್ರಚಾರವಾಗುತ್ತದೆ. ಪೂಜಾಸ್ಥಳದಲ್ಲಿ ಸೇರಬೇಡಿ, ಅದನ್ನು ಪ್ರಚಾರದ ವೇದಿಕೆ ಮಾಡಲು ನೀತಿಸಂಹಿತೆ ಬಿಡುವುದಿಲ್ಲ. ಮೈಕ್ ಬೇಕಿದ್ದರೆ ಅನುಮತಿ ಪಡೆಯಿರಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ರಾಜ್ಯದಲ್ಲಿ ಪಂಚಾಯಿತಿಯ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಕರಪತ್ರದಲ್ಲಿ ಹೆಂಡತಿಯ ಫೋಟೊ ಇರುತ್ತದೆ, ಉತ್ತರ ಹೇಳಲು ಗಂಡ ಮುಂದೆ ಬರುತ್ತಾರೆ. ಪಂಚಾಯಿತಿ ಸಭೆಯಲ್ಲಿ ಕೂರುವ, ಮತ ಹಾಕುವ ಅಧಿಕಾರ ಆಕೆಗೆ ಮಾತ್ರ. ಗಂಡನಿಗೆ ಅಲ್ಲಿ ಯಾವ ಸ್ಥಾನವೂ ಇಲ್ಲ. ‘ಅಕ್ಕಾ, ನೀವೇ ಹೇಳಿ’ ಎಂದು ಆಕೆಯತ್ತಲೇ ತಿರುಗಿ ಕೇಳಿ, ಉತ್ತರಕ್ಕೆ ಕಾಯಿರಿ.

ಭರವಸೆಗೂ ಲಂಚಕ್ಕೂ ನಡುವೆ ಕಾನೂನು ಸ್ಪಷ್ಟ ಗೆರೆ ಎಳೆದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಂ ಪ್ರಕಾರ ಮತಕ್ಕಾಗಿ ಹಣ, ವಸ್ತು ಕೊಡುವುದು ಲಂಚ, ಪಡೆಯುವುದೂ ಲಂಚ. ಆದರೆ ಸಾರ್ವಜನಿಕ ನೀತಿಯ ಘೋಷಣೆ, ಸಾರ್ವಜನಿಕ ಕೆಲಸದ ಭರವಸೆ ಅಪರಾಧವಲ್ಲ ಎಂದು ಅದೇ ಕಲಂ ಹೇಳುತ್ತದೆ. ಕೇರಿಗೆಲ್ಲ ಚರಂಡಿ ಮಾಡಿಸುತ್ತೇನೆ ಎಂದರೆ ಭರವಸೆ. ನಿಮ್ಮ ಕೈಗೆ ಸೀರೆ, ಕುಕ್ಕರ್, ನೋಟು ಬಂದರೆ ಲಂಚ. ಶಿಕ್ಷೆ 173ನೇ ಕಲಂನಲ್ಲಿದೆ: ಒಂದು ವರ್ಷದವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ಬಾಡೂಟ, ಹೆಂಡದ ಉಪಚಾರಕ್ಕೆ ದಂಡ ಮಾತ್ರ.

2020ರ ಡಿಸೆಂಬರ್ ಚುನಾವಣೆಯ ಹೊತ್ತಿಗೆ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಬಂತು. ದುಡ್ಡು ದೇವಸ್ಥಾನಕ್ಕೆ ಹೋಯಿತು ಎಂಬ ಸಮಾಧಾನ ಒಪ್ಪತಕ್ಕದ್ದಲ್ಲ. ಹರಾಜಾದ ವಾರ್ಡಿನಲ್ಲಿ ಅಭ್ಯರ್ಥಿಯನ್ನು ಏನೂ ಕೇಳುವ ಅವಕಾಶವೇ ಮತದಾರನಿಗೆ ಉಳಿಯುವುದಿಲ್ಲ. ಬಡವರ ಮತಕ್ಕೆ ಆಗುವ ಅವಮಾನ ಇದಕ್ಕಿಂತ ದೊಡ್ಡದಿಲ್ಲ.

ಲಂಚ ಕಂಡರೆ ಚುನಾವಣಾಧಿಕಾರಿ ಅಥವಾ ತಹಶೀಲ್ದಾರರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಈ ಅಪರಾಧ ಅಸಂಜ್ಞೇಯ. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ; ಠಾಣೆಯಲ್ಲಿ ಹಾಗೆಂದರೆ ನಿರಾಶರಾಗಿ ಮರಳದೆ ಆ ಅನುಮತಿಗೆ ಒತ್ತಾಯಿಸಿ. ಫಲಿತಾಂಶವನ್ನೇ ಪ್ರಶ್ನಿಸುವುದಾದರೆ ಅಧಿನಿಯಮದ 15ನೇ ಪ್ರಕರಣದಂತೆ 30 ದಿನದೊಳಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಸೋತ ಅಭ್ಯರ್ಥಿಯೇ ಹಾಕಬೇಕೆಂದಿಲ್ಲ, ಮತದಾರರೂ ಹಾಕಬಹುದು. ಅವಧಿ ಮೀರಿದರೆ ಬಾಗಿಲು ಮುಚ್ಚಿದಂತೆ.

ಮಾತು ತಪ್ಪಿದ ಸದಸ್ಯರನ್ನು ಅವಧಿಗೆ ಮುನ್ನ ಮತದಾರರು ಹಿಂದಕ್ಕೆ ಕರೆಸಿಕೊಳ್ಳುವ ವ್ಯವಸ್ಥೆ ನಮ್ಮಲ್ಲಿಲ್ಲ. ಇರುವುದು ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು. ಚುನಾವಣೆಗೆ ಮುಂಚೆ ಅಭ್ಯರ್ಥಿ ಒಪ್ಪಿಕೊಂಡದ್ದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಮೊದಲ ಗ್ರಾಮಸಭೆಯಲ್ಲಿ ಅದನ್ನು ಓದಿ, ಚರ್ಚೆ ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಕೊಟ್ಟರೆ ಆ ನಡಾವಳಿಯ ಪ್ರತಿಗೆ 30 ದಿನದೊಳಗೆ ಉತ್ತರ ಬರಬೇಕು.