ಖಾಲಿ ಡಬ್ಬ ಮರೆಮಾಡೋದು ಹೇಗೆ, ಯಾವಾಗ ಮರೆಮಾಡಬಾರದು

ವೆಬ್ ಪುಟದಲ್ಲಿ ಡೇಟಾ ಬಾರದ ಡಿವ್ ಸುಮ್ಮನೆ ಮಾಯವಾಗಲ್ಲ. ಬಾರ್ಡರ್, ಪ್ಯಾಡಿಂಗ್ ಸಮೇತ ಬಿಳಿ ಡಬ್ಬವಾಗಿ ಕೂತಿರುತ್ತದೆ. ಅದನ್ನು ಬ್ರೌಸರ್‌ನಲ್ಲೇ ಜಾವಾಸ್ಕ್ರಿಪ್ಟ್‌ನಿಂದ ಮರೆಮಾಡೋದನ್ನು ಈ ಸಲ ನೋಡೋಣ.

ಉದಾಹರಣೆಗೆ ಹೊಗೆಸೊಪ್ಪಿನ ಹರಾಜು ದರ ತೋರಿಸುವ ಒಂದು ಪುಟ ತಗೊಳ್ಳೋಣ. ಕಂಪಲಾಪುರ, ಚಿಲ್ಕುಂದ, ಕಟ್ಟೆಮಳಲವಾಡಿ, ಹೀಗೆ ಒಂದೊಂದು ಹರಾಜು ಮಾರುಕಟ್ಟೆಗೂ ಒಂದು ಕಾರ್ಡ್. ಅದರೊಳಗೆ ಬೇಲ್‌ಗಳ ಸಂಖ್ಯೆ, ಗರಿಷ್ಠ ದರ, ಸರಾಸರಿ ದರ, ಕೊನೆಗೊಂದು ಟಿಪ್ಪಣಿ. ಟಿಪ್ಪಣಿ ಬಹಳ ದಿನ ಖಾಲಿಯೇ.

ಸಿಎಸ್‌ಎಸ್‌ನಲ್ಲೇ ‘ಎಂಪ್ಟಿ’ ಅನ್ನೋ ಸೆಲೆಕ್ಟರ್ ಇದೆ, ಒಂದೇ ಸಾಲಿನ ಕೆಲಸ. ಆದರೆ ಟ್ಯಾಗ್‌ಗಳ ನಡುವೆ ಒಂದು ಸ್ಪೇಸ್ ಇದ್ದರೂ ಅದು ‘ಖಾಲಿ ಅಲ್ಲ’ ಅಂತ ಬಿಟ್ಟುಬಿಡುತ್ತದೆ. ಅದಕ್ಕೇ ಸ್ಕ್ರಿಪ್ಟ್. ಕ್ವೆರಿಸೆಲೆಕ್ಟರ್‌ಆಲ್‌ನಿಂದ ಡಬ್ಬಗಳನ್ನು ಹಿಡಿದು, ಪ್ರತಿಯೊಂದರ ಟೆಕ್ಸ್ಟ್‌ಕಂಟೆಂಟ್‌ಗೆ ಟ್ರಿಮ್ ಹಾಕಿ, ಏನೂ ಉಳಿಯದಿದ್ದರೆ ಹಿಡನ್ ಅನ್ನು ಟ್ರೂ ಮಾಡಿ. ಒಳಗೆ ಬರೀ ಚಿತ್ರ ಇದ್ದರೆ ಪಠ್ಯ ಸಿಗಲ್ಲ, ಅದನ್ನು ಬೇರೆಯಾಗಿ ಪರೀಕ್ಷಿಸಬೇಕು. ಡಬ್ಬಕ್ಕೆ ನೀವೇ ಡಿಸ್‌ಪ್ಲೇ ಫ್ಲೆಕ್ಸ್ ಕೊಟ್ಟಿದ್ದರೆ ಹಿಡನ್ ನಡೆಯಲ್ಲ. ಹಿಡನ್ ಇರುವ ಡಬ್ಬಕ್ಕೆ ಡಿಸ್‌ಪ್ಲೇ ನನ್ ಅಂತ ಸಿಎಸ್‌ಎಸ್‌ನಲ್ಲಿ ಇಂಪಾರ್ಟೆಂಟ್ ಹಾಕಿ ಬರೆಯಿರಿ.

ಕನ್ನಡದವರಿಗೆ ಇನ್ನೊಂದು ತೊಡಕು ಇದೆ, ಇಂಗ್ಲಿಷ್ ಪಾಠಗಳಲ್ಲಿ ಇದು ಅಷ್ಟಾಗಿ ಬರಲ್ಲ. ‘ಸಾಫ್ಟ್‌ವೇರ್’ ಅಂತ ಟೈಪ್ ಮಾಡುವಾಗ ಒತ್ತಕ್ಷರ ಆಗದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಯೂನಿಕೋಡ್‌ನಲ್ಲಿ ಅದು 200ಸಿ. ಪಠ್ಯ ಅಳಿಸಿದ ಮೇಲೂ ಅದೊಂದೇ ಉಳಿದುಬಿಡಬಹುದು. ಟ್ರಿಮ್ ಅದನ್ನು ಸ್ಪೇಸ್ ಅಂತ ಲೆಕ್ಕಕ್ಕೇ ತಗೊಳ್ಳಲ್ಲ, ಡಬ್ಬ ಹಾಗೇ ನಿಲ್ಲುತ್ತದೆ! 200ಬಿ, 200ಸಿ, 200ಡಿ ಮೂರನ್ನೂ ರಿಪ್ಲೇಸ್‌ನಿಂದ ತೆಗೆದು ಆಮೇಲೆ ಪರೀಕ್ಷಿಸಿ. ಪರೀಕ್ಷೆಗೆ ಮಾತ್ರ, ತೋರಿಸುವ ಪಠ್ಯದಲ್ಲಿ ತೆಗೆದರೆ ಕಾಗುಣಿತ ಕೆಡುತ್ತದೆ.

ಇದೆಲ್ಲ ಫೆಚ್ ಮುಗಿದ ಮೇಲೆ ಓಡಬೇಕು. ಹೊಸ ಡೇಟಾ ಬಂದಾಗ ಹಿಡನ್ ವಾಪಸ್ ಫಾಲ್ಸ್ ಆಗಬೇಕು.

ಈಗ ಮುಖ್ಯ ಪ್ರಶ್ನೆ. ಟಿಪ್ಪಣಿ ಮರೆಯಾದರೆ ಯಾರಿಗೂ ನಷ್ಟವಿಲ್ಲ. ಕಂಪಲಾಪುರದ ಕಾರ್ಡೇ ಮರೆಯಾದರೆ? ಸರ್ವರ್‌ನಿಂದ ಡೇಟಾ ಬಂದಿಲ್ಲ ಅಷ್ಟೇ, ಆದರೆ ಮೊಬೈಲ್ ನೋಡುವ ಪಿರಿಯಾಪಟ್ಟಣದ ರೈತರು ಇವತ್ತು ಹರಾಜೇ ಇಲ್ಲ ಅಂದುಕೊಳ್ಳಬಹುದು. ಡೇಟಾದಲ್ಲಿ ಬೇಲ್ ಸಂಖ್ಯೆ 0 ಅಂತ ಬಂದರೆ ಇನ್ನೂ ಕಷ್ಟ: ಜಾವಾಸ್ಕ್ರಿಪ್ಟ್‌ಗೆ 0 ಕೂಡ ಫಾಲ್ಸೇ. ಸುಮ್ಮನೆ ಇಫ್ ಬರೆದರೆ 0ಯೂ ನಲ್ಲೂ ಒಟ್ಟಿಗೆ ಮಾಯ. ಆದ್ದರಿಂದ ನಲ್, ಅನ್‌ಡಿಫೈನ್ಡ್ ಎರಡನ್ನೂ ಹೆಸರಿಟ್ಟು ಹೋಲಿಸಿ. ನಮ್ಮ ಪ್ರಕಾರ ಮಾರುಕಟ್ಟೆ ಕಾರ್ಡನ್ನು ಯಾವತ್ತೂ ಮರೆಮಾಡಬಾರದು. ‘ಇವತ್ತು ರಜೆ’, ‘ಮಾಹಿತಿ ಇನ್ನೂ ಬಂದಿಲ್ಲ’, ‘0 ಬೇಲ್’, ಮೂರಕ್ಕೂ ಬೇರೆ ಬೇರೆ ಸಾಲು ತೋರಿಸಿ.