ಬೆಂಕಿ ಕಟ್ಟಿದ ನೆಲ

ಉದ್ಯಾನವೆಂದೊಡನೆ ಹೂಗಿಡಗಳ ಸಾಲೂ ನೀರಿನ ಕಾರಂಜಿಯೂ ನಮ್ಮ ಕಣ್ಣಮುಂದೆ ಸುಳಿಯುತ್ತವೆ. ಬೆಂಕಿಯೇ ಕಾರಂಜಿಯಾಗಿ ಚಿಮ್ಮುವ ಉದ್ಯಾನವೊಂದು ಪೆಸಿಫಿಕ್ ಮಹಾಸಾಗರದ ನಡುವಣ ಹವಾಯಿ ದ್ವೀಪದಲ್ಲಿದೆ. ಅದೇ ಅಮೆರಿಕ ಸರ್ಕಾರವು 1916ರಲ್ಲಿ ಸ್ಥಾಪಿಸಿದ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನ. 1987ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು.

ಇಲ್ಲಿ ಎರಡು ಜೀವಂತ ಜ್ವಾಲಾಮುಖಿಗಳಿವೆ. ಮೌನಾ ಲೋವಾ 4,169 ಮೀಟರು ಎತ್ತರದ ಮಹಾಪರ್ವತ. ಕಿಲಾವೇಯ ಎತ್ತರದಲ್ಲಿ ಕಿರಿದಾದರೂ ಕೆರಳುವುದರಲ್ಲಿ ಹಿರಿದು. ಇದರ ನೆತ್ತಿಯ ಕುಂಡವೇ ಪೇಲೆ ಎಂಬ ಅಗ್ನಿದೇವತೆಯ ವಾಸಸ್ಥಾನವೆಂದು ಹವಾಯಿಯ ಮೂಲನಿವಾಸಿಗಳು ನಂಬುತ್ತಾರೆ. ಆದುದರಿಂದ ಇಲ್ಲಿಗೆ ಬರುವ ಪ್ರವಾಸಿಗನು ದೇಗುಲಕ್ಕೆ ಬಂದವನಂತೆ ವಿನಯದಿಂದ ನಡೆದುಕೊಳ್ಳುವುದು ಉಚಿತ.

ಕುಂಡದ ಅಂಚಿನಲ್ಲಿ ನೆಲದ ಬಿರುಕುಗಳಿಂದ ಹಬೆ ಏಳುತ್ತಿರುತ್ತದೆ. ಕೆಳಗಿಳಿದ ಮಳೆಯ ನೀರು ಕಾದ ಬಂಡೆಗೆ ತಾಗಿ ಹೀಗೆ ಹಬೆಯಾಗಿ ಮರಳುತ್ತದೆ. ಮುಂದೆ ಸಾಗಿದರೆ ನಾಹುಕು ಎಂಬ ಸುರಂಗವಿದೆ. ಇದನ್ನು ಯಾವ ಮನುಷ್ಯನೂ ಕೊರೆದುದಲ್ಲ. ಹರಿಯುವ ಲಾವಾರಸದ ಹೊರಮೈ ತಣಿದು ಗಟ್ಟಿಯಾಯಿತು. ಒಳಗಿನ ರಸ ಹರಿದುಹೋಗಿ ಟೊಳ್ಳು ಉಳಿಯಿತು. ಅದಕ್ಕೂ ಆಚೆ ಕಪ್ಪು ಲಾವಾದ ಬಯಲು. ಅದರ ಬಿರುಕುಗಳಲ್ಲಿ ಓಹಿಯ ಎಂಬ ಮರ ಬೇರೂರಿ ಕೆಂಪು ಹೂಗಳನ್ನು ಅರಳಿಸುತ್ತದೆ.

ಬೆಂಕಿಯ ಈ ಬೆಟ್ಟವನ್ನು ಕಾಯುವವರೂ ಇದ್ದಾರೆ. 1912ರಲ್ಲಿ ಥಾಮಸ್ ಜಾಗರ್ ಎಂಬ ವಿಜ್ಞಾನಿಯು ಇಲ್ಲಿ ವೀಕ್ಷಣಾಲಯವನ್ನು ಸ್ಥಾಪಿಸಿದನು. ಅದರ ಬೆಲೆ 2018ರಲ್ಲಿ ತಿಳಿಯಿತು. ಆಗ ಉದ್ಯಾನದ ಹೊರಗೆ, ಕಿಲಾವೇಯದ ಪೂರ್ವದ ಇಳಿಜಾರಿನಲ್ಲಿ ಭೂಮಿ ಬಾಯ್ದೆರೆದು 700ಕ್ಕೂ ಹೆಚ್ಚು ಮನೆಗಳನ್ನು ಲಾವಾ ನುಂಗಿತು. ಭೂಕಂಪಗಳಿಂದ ವೀಕ್ಷಣಾಲಯದ ಕಟ್ಟಡಕ್ಕೂ ಹಾನಿಯಾಯಿತು. ವಿಜ್ಞಾನಿಗಳು ಅದನ್ನು ತೊರೆದು ಬೇರೆಡೆಯಿಂದ ಕೆಲಸ ಮುಂದುವರಿಸಿದರು. ಸಕಾಲದಲ್ಲಿ ದೊರೆತ ಎಚ್ಚರಿಕೆಯಿಂದ ಜನರು ಮನೆ ತೊರೆದರು, ಪ್ರಾಣಹಾನಿಯಾಗಲಿಲ್ಲ. ಅದೇ ಲಾವಾ ಕಡಲನ್ನು ಸೇರಿ ದ್ವೀಪಕ್ಕೆ ಸುಮಾರು 875 ಎಕರೆ ಹೊಸ ನೆಲವನ್ನು ಕೂಡಿಸಿತು.

ಹವಾಯಿ ನಮಗೆ ದೂರವಾದರೂ ಈ ಕಥೆ ದೂರದ್ದಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ ಪ್ರಸ್ಥಭೂಮಿಯಲ್ಲಿಯೂ ಲಾವಾ ಪದರಪದರವಾಗಿ ಹರಿಯಿತು. ಆ ಶಿಲೆ ಸವೆದು ಉತ್ತರ ಕರ್ನಾಟಕದ ಎರೆಮಣ್ಣಾಯಿತು. ಇಂದು ವಿಜಯಪುರದ ಹೊಲದಲ್ಲಿ ತೂಗುವ ಜೋಳದ ತೆನೆಯು ಅಂದಿನ ಬೆಂಕಿಯ ಕೊಡುಗೆ. ನಿಸರ್ಗದ ಶಕ್ತಿಯನ್ನು ತಡೆಯುವುದು ನಮ್ಮಿಂದಾಗದು. ಅದನ್ನು ಅರಿತು, ಗೌರವಿಸಿ, ಎಚ್ಚರದಿಂದ ಬಾಳುವುದು ಸಾಧ್ಯ.